ನನಗಿಂತ ಮೊದಲು ಊರು ಮುಟ್ಟಿದ ಗಂಟು

ಹೆಂಡತಿಗೆ ಯಾವ ಮಾತನ್ನಾದರೂ ಕೊಡಬಹುದು, ನೀರಿನ ಮಾತು ಮಾತ್ರ ಕೊಡಬಾರದು. ಬಂಗಾರದ ಮಾತು ಹಬ್ಬ ಬಂದಾಗ ನೆನಪಾಗುತ್ತದೆ, ಸೀರೆಯ ಮಾತು ಯಾರದಾದರೂ ಮದುವೆ ಬಂದಾಗ. ನೀರಿನ ಮಾತು ಹಾಗಲ್ಲ. ಬೆಳಗಾದರೆ ಕೊಡದಲ್ಲಿ, ಮಧ್ಯಾಹ್ನವಾದರೆ ಬೇಳೆಯಲ್ಲಿ, ದಿನಾ ಎದುರಿಗೆ ಬಂದು ಕೂರುತ್ತದೆ. ನಮ್ಮ ಬಳ್ಳಾರಿಯ ಮನೆಯ ಬಾವಿಯ ನೀರು ಅಷ್ಟು ಸವಳು. ಆ ನೀರಿನಲ್ಲಿ ತೊಗರಿಬೇಳೆ ಹಾಕಿ ಒಲೆ ಹೊತ್ತಿಸಿದರೆ, ಕಟ್ಟಿಗೆ ಬೂದಿಯಾಗುತ್ತಿತ್ತು, ಗಡಿಗೆ ಕಪ್ಪಾಗುತ್ತಿತ್ತು, ಬೇಳೆ ಮಾತ್ರ ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ಯಾವುದೋ ಮೋಹದ ಗಳಿಗೆಯಲ್ಲಿ, "ನೋಡ್ತಾ ಇರು, ನಿನ್ನನ್ನ ಹೊಳಿ ಇರೋ ಊರಿಗೆ ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟಿದ್ದೆ. ಅಂದಿನಿಂದ ನಾನು ಸಾರಿನಲ್ಲಿ ಬೇಳೆ ಕಡಿದಾಗಲೆಲ್ಲ ನಮ್ಮಾಕಿ ರುಕ್ಮಿಣಿ, "ಹೊಳಿ ಎಲ್ಲಿಗೆ ಬಂತ್ರೀ?" ಎಂದು ಕೇಳುತ್ತಿದ್ದಳು.

ಹೊಳೆ ಇರುವ ಊರೆಂದರೆ ಅವಳ ಲೆಕ್ಕದಲ್ಲಿ ಸಿರುಗುಪ್ಪ. ತುಂಗಭದ್ರೆ ಊರಿಗೆ ಒತ್ತಿಕೊಂಡೇ ಹರಿಯುತ್ತದೆ. ಅಲ್ಲಿ ನಮ್ಮ ಸರ್ಕಾರದ್ದೇ ಒಂದು ಸಣ್ಣ ಕಚೇರಿಯೂ ಇತ್ತು. ಆದರೆ ವರ್ಗಾವಣೆ ಕೇಳುವುದು ಹೇಗೆ? "ನಮ್ಮ ಮನೆಯ ಬೇಳೆ ಬೇಯುತ್ತಿಲ್ಲ" ಎಂದು ಅರ್ಜಿ ಬರೆಯಲಾದೀತೆ? ಹೀಗೆ ಕೈಕಟ್ಟಿ ಕೂತಿದ್ದಾಗಲೇ ನಮ್ಮ ಕಚೇರಿಗೆ ಇಂಗ್ಲೆಂಡಿನಿಂದ ಹೊಸ ದೊರೆ ಬಂದ. ವಯಸ್ಸಿನ್ನೂ ಚಿಕ್ಕದು, ಮೂಗು ಬಿಸಿಲಿಗೆ ಸುಟ್ಟು ಕೆಂಪಗಾಗಿತ್ತು. ಅವನ ಊರಿನಲ್ಲಿ ಗಂಡಸರು ಸಣ್ಣ ದೋಣಿಯಲ್ಲಿ ಕೂತು, ಅಂಬಿಗನಿಲ್ಲದೆ, ದಾರಿ ಕೇಳದೆ, ಬರೀ ನಕ್ಷೆ ನೋಡಿಕೊಂಡು ಕಾಡು ಹೊಳೆಗಳಲ್ಲಿ ದಿನಗಟ್ಟಲೆ ಹೋಗಿ ಶರ್ಯತ್ತು ಆಡುತ್ತಾರಂತೆ. ಮನೆಯಲ್ಲಿ ಹೆಂಡಿರ ಕಾಟ ಅಲ್ಲಿಯೂ ಇರಬೇಕು ಅಂದುಕೊಂಡೆ. ಇಲ್ಲಿಯೂ ಅಂಥದೊಂದು ಶರ್ಯತ್ತು ಆಗಲಿ, ಇಲ್ಲಿ ಇರುವುದು ಬುಟ್ಟಿಯಂಥ ಹರಿಗೋಲು ತಾನೆ, ಅದೇ ಸಾಕು ಎಂದ ದೊರೆ. ಕಂಪ್ಲಿಯಲ್ಲಿ ಹತ್ತಿ ಸಿರುಗುಪ್ಪದಲ್ಲಿ ಇಳಿಯಬೇಕು. ಒಂದು ಹರಿಗೋಲಿಗೆ ಇಬ್ಬರು. ದಂಡೆಯ ಮೇಲೆ ಯಾರನ್ನೂ ದಾರಿ ಕೇಳುವಂತಿಲ್ಲ. ಮೊದಲು ಮುಟ್ಟಿದವರಿಗೆ ಅವರು ಬೇಡಿದ ಊರಿನಲ್ಲಿ ಬೇಡಿದ ಹುದ್ದೆ. ಎಲ್ಲರಿಗೂ ತಾನೇ ಬರೆದ ನಕ್ಷೆಯನ್ನು ಒಂದೊಂದು ಕೊಟ್ಟ.

ನನಗೆ ಈಜು ಬಾರದು. ಹರಿಗೋಲಿನಲ್ಲಿ ಕೂತದ್ದೂ ಇಲ್ಲ. ಆದರೂ ಹೆಸರು ಕೊಟ್ಟುಬಂದೆ. ಜೊತೆಗಾರ ವೀರಬಸಪ್ಪ, ಮೋಕಾ ಎಂಬ ಊರಿನವನು, ನನ್ನ ಪಕ್ಕದ ಮೇಜಿನವನು. ಅವನು ಬಂದದ್ದು ಪೂರ್ತಿ ಮೋಜಿಗೆ. "ನಾ ಹುಟ್ಟು ಹಾಕ್ತೀನಿ, ನೀವು ದಾರಿ ಹೇಳ್ರಿ ಸ್ವಾಮಿ. ಬ್ಯಾರೆ ಏನ್ ಕೆಲಸ ಐತಿ ನಿಮಗ?" ಎಂದ.

ಮನೆಯಲ್ಲಿ ಸುದ್ದಿ ಹೇಳಿದಾಗ ರುಕ್ಮಿಣಿ ಹಿಗ್ಗಿದಳು. ಹಿಗ್ಗಿದ ಮರುಗಳಿಗೆಯೇ ತಕರಾರು ಶುರುವಾಯಿತು. ಮೊದಲನೆಯದು, ಹರಿಗೋಲಿಗೆ ಹೊದಿಸಿರುವುದು ಎತ್ತಿನ ಚರ್ಮ. ಮಡಿಯವರು ಅದರ ಮೇಲೆ ಕೂರುವುದು ಹೇಗೆ? ಅದಕ್ಕೆ ಅವಳೇ ದಾರಿ ಹುಡುಕಿದಳು. ಚರ್ಮದ ಮೇಲೆ ಊಟದ ಮಣೆ, ಮಣೆಯ ಮೇಲೆ ಕೃಷ್ಣಾಜಿನ. ಜಿಂಕೆಯ ಚರ್ಮಕ್ಕೆ ಮೈಲಿಗೆಯಿಲ್ಲವಷ್ಟೆ. ಚರ್ಮದ ದೋಷಕ್ಕೆ ಚರ್ಮವೇ ಮದ್ದಾಯಿತು. ಎರಡನೆಯದು ದೊಡ್ಡದು. ಶರ್ಯತ್ತು ಸೋಮವಾರ, ಹೋಗಬೇಕಾದದ್ದು ಮೂಡಲಿಗೆ. ಸೋಮವಾರ ಮೂಡಲಿಗೆ ಶೂಲೆ, ಆ ದಿಕ್ಕಿಗೆ ಹೊರಟರೆ ಕೇಡು ಎಂಬುದು ಪಂಚಾಂಗ ಬಲ್ಲವರಿಗೆಲ್ಲ ಗೊತ್ತು, ದೊರೆಗೆ ಗೊತ್ತಿಲ್ಲ. "ನಿಮ್ಮ ದೊರಿಗೆ ಬ್ಯಾರೆ ವಾರನs ಸಿಗಲಿಲ್ಲೇನ್ರೀ?" ಎಂದು ಅವಳು ನನ್ನ ಮೇಲೆಯೇ ರೇಗಿದಳು, ವಾರಗಳನ್ನು ಮಾಡಿದವನು ನಾನೇ ಎಂಬಂತೆ.

ಕುರುಗೋಡಿನಿಂದ ಮಾವನವರು ಬಂದರು. ಪಂಚಾಂಗ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಆಸಾಮಿ. "ಅಳಿಯಂದಿರು ಏನೂ ಚಿಂತಿ ಮಾಡಬ್ಯಾಡ್ರಿ, ಪ್ರಸ್ಥಾನ ಇಟ್ಟರಾತು" ಎಂದರು. ಪ್ರಸ್ಥಾನವೆಂದರೆ ಬಹಳ ಅನುಕೂಲದ ಶಾಸ್ತ್ರ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಮೊದಲೇ ಒಂದು ಒಳ್ಳೆಯ ದಿನ ನಮ್ಮದೊಂದು ಗಂಟನ್ನು ದಾರಿಯ ಮೇಲಿನ ಯಾರದಾದರೂ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ನಾವು ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದರಿದ್ರ ದಿನದಲ್ಲಾದರೂ ಹೋಗಿ, ಗಂಟು ಎತ್ತಿಕೊಂಡು ಮುಂದೆ ನಡೆಯಬಹುದು. ಕಂಪ್ಲಿಯ ದಾರಿಯಲ್ಲೇ ಕುರುಗೋಡು, ಅಲ್ಲಿ ಮಾವನವರ ಮನೆ. ಗುರುವಾರ ಗಂಟು ಅವರ ಜೊತೆ ಹೋಗುವುದು, ಭಾನುವಾರ ನಾನು ಹೋಗಿ ಎತ್ತಿಕೊಳ್ಳುವುದು ಎಂದಾಯಿತು. ಗಂಟಿನಲ್ಲಿ ಪ್ರಯಾಣಕ್ಕೆ ಬೇಕಾದ ಮುಖ್ಯ ವಸ್ತುವೇ ಇರಬೇಕಂತೆ. ರುಕ್ಮಿಣಿ ಒಂದು ಧೋತರ ಇಟ್ಟಳು, ಅಡಿಕೆ ಇಟ್ಟಳು, ಅರಿಶಿನ ಹಚ್ಚಿದ ಅಕ್ಕಿ ಇಟ್ಟಳು, ದೊರೆಯ ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ತಾನೂ ತವರಿಗೆಂದು ಅದೇ ಗಾಡಿ ಹತ್ತಿದಳು. ಹತ್ತುವಾಗ ಇನ್ನೊಂದು ಕಟ್ಟಪ್ಪಣೆ: "ಪ್ರಸ್ಥಾನ ಇಟ್ಟದ್ದು ಹೌದು. ಆದರೂ ಸಿರುಗುಪ್ಪ ಮುಟ್ಟೋ ತನಕ ಮೂಡಲಕ ಮಾರಿ ಮಾಡಿ ಕೂಡಬ್ಯಾಡ್ರೀ. ನನ್ನಾಣಿ ಅದ."

ಭಾನುವಾರ ಕುರುಗೋಡಿನಲ್ಲಿ ಗಾಡಿ ನಿಲ್ಲಿಸಿ ಒಳಗೆ ಹೋದರೆ ಅತ್ತೆಯವರು ಒಬ್ಬರೇ ಇದ್ದರು. "ಗಂಟು ಎಲ್ಲಿ ಅದರೀ?" ಎಂದೆ. ಅವರು ಸೆರಗು ಸರಿಮಾಡಿಕೊಂಡು, "ಅಯ್ಯ, ಅವರು ಅದನ್ನ ತಗೊಂಡು ಮಗಳ ಜೋಡಿ ಸಿರುಗುಪ್ಪಕ್ಕs ಹೋದ್ರಲ್ಲ! ಅರ್ಧಾ ದಾರ್ಯಾಗ ಇಟ್ಟರ ಅರ್ಧಾ ಫಲ ಅಂತ. ಅಲ್ಲಿ ನಮ್ಮ ನೆಂಟರ ಮನ್ಯಾಗ, ದೇವರ ಮುಂದ ಇಡ್ತಾರಂತ" ಎಂದರು. ದಾರಿ ತೋರಿಸಬೇಕಾದ ನಕ್ಷೆ ನನ್ನನ್ನು ಬಿಟ್ಟು ತಾನೊಂದೇ ಊರು ಸೇರಿತ್ತು. ಮಾವನವರ ಮೇಲೆ ಬಂದ ಸಿಟ್ಟನ್ನು ಅತ್ತೆಯವರು ಕೊಟ್ಟ ಉಂಡೆಯ ಜೊತೆ ನುಂಗಿಕೊಂಡೆ. ಉಂಡೆ ಚೆನ್ನಾಗಿತ್ತು.

ವೀರಬಸಪ್ಪನಿಗೆ ವಿಷಯ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗ್ಲಿ ಬಿಡ್ರಿ, ನಕ್ಷಾ ನೋಡೀರಿಲ್ಲೋ? ನೆನಪೈತಿಲ್ಲೋ?" ನೆನಪಿತ್ತು. ನಕ್ಷೆಯಲ್ಲಿ ಇದ್ದ ಮುಖ್ಯ ಸಂಗತಿ ಒಂದೇ. ಸಿರುಗುಪ್ಪದ ಹತ್ತಿರ ಹೊಳೆ ಎರಡು ಕವಲಾಗಿ ಒಂದು ದೊಡ್ಡ ನಡುಗಡ್ಡೆಯನ್ನು ಸುತ್ತುತ್ತದೆ. ಅಲ್ಲಿ ಬಲಗಡೆಯ ಕವಲು ಹಿಡಿಯಬೇಕು. ಊರು ಇರುವುದು ಅದರ ದಂಡೆಗೆ. "ಬಲಕ್ಕ, ಬಲಕ್ಕ" ಎಂದು ದಾರಿಯುದ್ದಕ್ಕೂ ಸಂಧ್ಯಾವಂದನೆಯ ಮಂತ್ರಕ್ಕಿಂತ ಶ್ರದ್ಧೆಯಿಂದ ಜಪಿಸಿದೆ.

ಸೋಮವಾರ ಬೆಳಗ್ಗೆ ಕಂಪ್ಲಿಯಲ್ಲಿ ಮಣೆ ಹಾಕಿ, ಕೃಷ್ಣಾಜಿನ ಹಾಸಿ, ಪಡುವಲಿಗೆ ಮುಖ ಮಾಡಿ ಕೂತೆ. ಹರಿಗೋಲು ಮೂಡಲಿಗೆ ಹೊರಟಿತು. ಆದರೆ ಹರಿಗೋಲಿಗೆ ಮುಂದೆ ಹಿಂದೆ ಇಲ್ಲ, ಅದು ಸುಮ್ಮನೆ ಗರಗರ ತಿರುಗುತ್ತದೆ. ಅದು ತಿರುಗಿದಾಗಲೆಲ್ಲ ನಾನು ಮಣೆಯ ಮೇಲೆ ಉಲ್ಟಾ ತಿರುಗಿ ಮತ್ತೆ ಪಡುವಲಿಗೆ ಮುಖ ಮಾಡುತ್ತಿದ್ದೆ. ಆಣೆ ಅಂದರೆ ಆಣೆ. ಉಳಿದ ಹರಿಗೋಲಿನವರು ನಮ್ಮನ್ನು ದಾಟುತ್ತ ಶಿಳ್ಳೆ ಹಾಕಿದರು. ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆಯೊಂದು ಬಾಯಿ ತೆರೆದದ್ದು ಹಾಗೇ ಮರೆತು ನನ್ನನ್ನೇ ನೋಡಿತು. ಕೊನೆಗೆ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡೆ, ಅತ್ತೆಯವರು ಬುತ್ತಿಗೆ ಕಟ್ಟಿದ್ದ ಉಂಡೆಯೂ ತುಂಗಭದ್ರೆಯ ಪಾಲಾಯಿತು. ರಾತ್ರಿ ಮರಳಿನ ಮೇಲೆ ಕಳೆದು ಮರುದಿನ ಮತ್ತೆ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ವೀರಬಸಪ್ಪ ಕೂಗಿದ: "ಸ್ವಾಮಿ, ನಡುಗಡ್ಡಿ ಬಂತು! ಯಾವ ಕಡಿ ಹೋಗಾಕ ಬೇಕು?"

ಇದಕ್ಕಾಗಿಯೇ ಕಾದಿದ್ದೆ. "ಬಲಕ್ಕ!" ಎಂದು ಕೂಗಿ, ಅವನಿಗೆ ಸಂಶಯ ಬಾರದಿರಲೆಂದು ಬಲಗೈಯನ್ನು ಉದ್ದಕ್ಕೆ ಚಾಚಿ ತೋರಿಸಿದೆ. ಅವನು ಕೈ ತೋರಿಸಿದ ಕಡೆಗೆ ಹುಟ್ಟು ಹಾಕಿದ. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತವನ ಬಲಗೈ ಯಾವ ದಂಡೆಯನ್ನು ತೋರಿಸುತ್ತದೆ ಎಂಬುದು ಓದುಗರಿಗೆ ಹೊಳೆದಿರಬಹುದು. ನನಗೆ ಅಂದು ಹೊಳೆಯಲಿಲ್ಲ.

ಸಂಜೆಗೆ ನಾವು ಹತ್ತಿದ ದಂಡೆಯಲ್ಲಿ ದೊರೆಯೂ ಇರಲಿಲ್ಲ, ಊರೂ ಇರಲಿಲ್ಲ. ಒಂದು ಚೌಕಿ ಇತ್ತು, ಅದರ ಮುಂದೆ ಕೋವಿ ಹಿಡಿದ ಬಿಳಿಗಡ್ಡದ ಪಹರೆಯವನಿದ್ದ. ಕಂಪನಿ ಸರ್ಕಾರ ಹೋಗಿ ಇಂಗ್ಲೆಂಡಿನ ರಾಣಿಯದಾಗಿದ್ದ ನಮ್ಮ ಸೀಮೆಯನ್ನು ಬಿಟ್ಟು, ನಾವು ಪರವಾನಗಿಯಿಲ್ಲದೆ ಹೊಳೆಯಾಚೆಯ ನಿಜಾಮನ ಸೀಮೆಯಲ್ಲಿ ಇಳಿದಿದ್ದೆವು! ಆದರೆ ಆ ಪುಣ್ಯಾತ್ಮ ದೂರದಿಂದಲೇ ನನ್ನನ್ನು ನೋಡುತ್ತಿದ್ದನಂತೆ. "ಯಾರ್ರೀ ಸಾಹೇಬ್ರ ನೀವು? ಹರಗೋಲು ಎಷ್ಟ್ ತಿರಗಿದ್ರೂ ನೀವು ಮಾತ್ರ ಪಡುವಲ ಕಡೀನs ಮಾರಿ ಮಾಡಿ ಕುಂತಿದ್ರಲ್ಲ! ನಾವೂ ನಮಾಜ್ ಮಾಡೋದು ಅದs ಕಡೀಗೆ. ಬರ್ರಿ, ಕೂಡ್ರಿ" ಎಂದು ಹಾಲು ಕೊಟ್ಟ. ಹೆಂಡತಿಯ ಆಣೆ ಇಲ್ಲಿಯಾದರೂ ನಮ್ಮನ್ನು ಕಾಯಿತು. ಮರುದಿನ ಅವನೇ ನಮ್ಮನ್ನು ದೋಣಿ ಹತ್ತಿಸಿ ಕಳಿಸಿದ. ಆದರೆ ನೌಕರಿ ನೌಕರಿಯೇ. ಇಬ್ಬರು ಕಾರಕೂನರು ಸರಹದ್ದು ದಾಟಿ ಬಂದಿದ್ದರು ಎಂದು ಮೇಲಿನವರಿಗೆ ವರದಿಯನ್ನೂ ಕಳಿಸಿದ.

ಸಿರುಗುಪ್ಪದ ದಂಡೆಯ ಮೇಲೆ ರುಕ್ಮಿಣಿ ನಿಂತಿದ್ದಳು. ರಾತ್ರಿಯೆಲ್ಲ ನಾನು ಹೊಳೆಯ ಪಾಲಾದೆನೆಂದು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನನ್ನನ್ನು ಕಂಡವಳೇ, "ಗೆಲ್ಲದಿದ್ರ ಹಾಳಾಗಿ ಹೋಗ್ಲಿ, ಜೀವಂತ ಬಂದ್ರಲ್ಲ. ಇನ್ನ ನಾನು ಹೊಳಿ ಸುದ್ದಿ ಎತ್ತಂಗಿಲ್ಲರೀ" ಎಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಹೊಳೆಯ ಕಡೆ ತಿರುಗಿ ಮುಖ ತೊಳೆದುಕೊಂಡೆ. ಮಾವನವರು ಮಾತ್ರ ಅರಿಶಿನದ ಗಂಟನ್ನು ನನ್ನ ಕೈಗೆ ಕೊಟ್ಟು, "ಪ್ರಸ್ಥಾನ ಇಟ್ಟದ್ದು ಎಂದೂ ಸುಳ್ಳಾಗಂಗಿಲ್ಲ. ಗಂಟು ಇದ್ದಲ್ಲಿಗೆ ಮನಷ್ಯಾ ಬರಲೇಬೇಕು" ಎಂದರು. ಅವರನ್ನು ಹೊಳೆಗೆ ನೂಕಬೇಕೆನಿಸಿತು.

ಗೆದ್ದವರು ಬಳ್ಳಾರಿಯಲ್ಲೇ ದೊಡ್ಡ ಹುದ್ದೆ ಬೇಡಿ ಪಡೆದರು. ಆಮೇಲೆ ನಿಜಾಮನ ಕಡೆಯ ಕಾಗದ ಬಂತು. ದೊರೆಯ ಮೂಗು ಮೊದಲಿಗಿಂತ ಕೆಂಪಾಯಿತು. ವೀರಬಸಪ್ಪ ಹುಟ್ಟು ಹಾಕಿದವನು ಮಾತ್ರ, ತಪ್ಪೆಲ್ಲ ದಾರಿ ತೋರಿಸಿದವನದು ಎಂದು ತೀರ್ಮಾನವಾಯಿತು. ಬಲ ಯಾವುದು ಎಡ ಯಾವುದು ತಿಳಿಯದ ಮನುಷ್ಯ ಈ ಕಚೇರಿಯಲ್ಲಿ ಇರತಕ್ಕದ್ದಲ್ಲ, ಹೊಳೆಯ ದಂಡೆಯ ಮೇಲೇ ಇದ್ದು ಕಲಿಯಲಿ ಎಂದು ದೊರೆ ನನ್ನನ್ನು ಶಿಕ್ಷೆಯಾಗಿ ಸಿರುಗುಪ್ಪಕ್ಕೆ ತಳ್ಳಿದ! ದೊರೆಯ ಮುಂದೆ ಅಳುಮೋರೆ ಹಾಕಿಕೊಂಡು ನಿಲ್ಲಲು ನಾನು ಪಟ್ಟ ಪಾಡು ಹರಿಗೋಲಿನಲ್ಲಿಯೂ ಪಟ್ಟಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಆದರೆ ಬಳ್ಳಾರಿಯಲ್ಲಿ ಬಾವಿ ಹಿತ್ತಲಲ್ಲೇ ಇತ್ತು, ಇಲ್ಲಿ ಹೊಳೆಗೆ ಹೋಗಿಯೇ ನೀರು ತರಬೇಕು. ದೇವರಿಗೂ ಅಡುಗೆಗೂ ಮಡಿನೀರೇ ಆಗಬೇಕು, ಅದನ್ನು ಮಡಿಯಲ್ಲಿ ಮಿಂದವರೇ ತರಬೇಕು. ಬೆಳಗಿನ ಚಳಿಯಲ್ಲಿ ಒದ್ದೆ ಧೋತರ ಉಟ್ಟು ಹೆಗಲ ಮೇಲೆ ಕೊಡ ಹೊತ್ತು ಬರುವ ನನ್ನನ್ನು ರುಕ್ಮಿಣಿ ಬಾಗಿಲಲ್ಲಿ ನಿಂತು ನೋಡುತ್ತಾಳೆ. ನಿನ್ನೆ ಕೊಡ ಇಳಿಸಿ ಉಸ್ಸೆಂದು ಕೂತರೆ, "ಇನ್ನೊಂದು ಕೊಡ ತರ್ರೀ, ಇವತ್ತು ಹೋಳಿಗಿ ಅದ" ಎಂದಳು. ಮನೆ ಬಾಗಿಲು ಮೂಡಲಿಗೆ, ಹೊಳೆ ಪಡುವಲಿಗೆ. ನಿನ್ನೆ ಶುಕ್ರವಾರ. ಶುಕ್ರವಾರ ಪಡುವಲಿಗೆ ಶೂಲೆಯಲ್ಲವೇ ಎಂದು ಆಸೆಯಿಂದ ನೆನಪಿಸಿದೆ.

"ನೀರು ತರಾಕ ಶೂಲಿ ಇಲ್ಲರೀ" ಎಂದು ಕೊಡ ಕೈಗೆ ಕೊಟ್ಟಳು.