ಮರದ ಕಾಲಿಗೆ ಸರಿಹೋದ ಜೋಡು

ನಮ್ಮ ಭಾವನವರಿಗೆ ಎರಡು ಜೊತೆ ಕಾಲುಗಳಿದ್ದವು. ಒಂದು ಜೊತೆ ದೇವರು ಕೊಟ್ಟದ್ದು, ಇನ್ನೊಂದು ಅವರೇ ಕೆತ್ತಿಕೊಂಡದ್ದು. ಯಾವುದು ಚೆಂದ ಎಂದು ಕೇಳಿದರೆ, ದೇವರು ಕ್ಷಮಿಸಲಿ, ನಾನು ಎರಡನೆಯದನ್ನೇ ತೋರಿಸುತ್ತೇನೆ!

ಭಾವನವರು ಎಂದರೆ ನನ್ನ ಯಜಮಾನರ ಅಣ್ಣ. ಗಂಜಾಮಿನಲ್ಲಿ ಬಾಗಿಲು, ಚೌಕಟ್ಟು ಮಾಡುವ ಆಚಾರಿ. ಅವರು ಕೂಡಿಸಿದ ಚೌಕಟ್ಟಿನ ಸಂದಿನಲ್ಲಿ ಇರುವೆ ಕೂಡ ನುಗ್ಗಲಾರದು. ಹುಟ್ಟಿದಾಗಿನಿಂದ ಬರಿಗಾಲಿನಲ್ಲೇ ಓಡಾಡಿದ ಈ ಮನುಷ್ಯನಿಗೆ ಇದ್ದಕ್ಕಿದ್ದಂತೆ ಜೋಡು ಯಾಕೆ ಬೇಕಾಯಿತು ಅನ್ನುತ್ತೀರಾ? ಕಾರಣ ನಾಗಮಂಗಲದ ಬೀಗರು. ಮಗಳ ಮದುವೆಯಲ್ಲಿ ಯಾರೋ ಇವರ ಒಡೆದ ಹಿಮ್ಮಡಿ ನೋಡಿ, "ಊರೋರ್ಗೆಲ್ಲ ಬಾಗ್ಲು ಮಾಡ್ತಾನೆ, ತನ್ ಕಾಲ್ಗೊಂದು ಮುಚ್ಚುಳ ಇಲ್ಲ" ಎಂದು ನಕ್ಕಿದ್ದನಂತೆ. ನಕ್ಕವನು ಮರೆತ. ಇವರು ಮರೆಯಲಿಲ್ಲ.

ಆ ಮಗಳಿಗೀಗ ಏಳು ತಿಂಗಳು. ತಾಯಿಯಿಲ್ಲದ ಹುಡುಗಿ, ನಾನೇ ತಲೆ ಬಾಚಿ ಬೆಳೆಸಿದವಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಅಪ್ಪನೇ ಹೋಗಬೇಕು. ಎಂಟಕ್ಕೆ ಬಿದ್ದರೆ ಬಸುರಿಯನ್ನು ಹಾದಿ ಹತ್ತಿಸುವಂತಿಲ್ಲ. ಅಲ್ಲೇ, ಆ ಗದರುವ ಅತ್ತೆಯ ಕೈಯಲ್ಲೇ ಹೆರಬೇಕು. ಉಳಿದದ್ದು ಹದಿನೈದೇ ದಿನ. ಭಾವನವರದು ಒಂದೇ ಹಟ: "ಜೋಡಿಲ್ದೆ ಆ ಮನೆ ಮೆಟ್ಲು ಅತ್ತಾಕಿಲ್ಲ ಕಣವ್ವ."

ಕೋಟೆಯೊಳಗೆ ಸುಲ್ತಾನರ ಲಾಯಕ್ಕೆ ಜೀನು ಹೊಲಿಯುವ ಸಾಹೇಬರೊಬ್ಬರು ಬಿಡುವಿನಲ್ಲಿ ಜೋಡು ಮಾಡಿಕೊಡುತ್ತಿದ್ದರು. ಎಲ್ಲರೂ ಅವರ ಮುಂದೆ ಕಾಲಿಡುತ್ತಾರೆ, ಅವರು ದಾರ ಸುತ್ತಿ ಅಳತೆ ತೆಗೆಯುತ್ತಾರೆ. ನಮ್ಮ ಭಾವನವರು ಒಪ್ಪಿಯಾರೇ? ದಾರ ಎಳೆದರೆ ಹಿಗ್ಗುತ್ತದಂತೆ! ಮೂರು ದಿನ ಮಣೆಯ ಮೇಲೆ ಕೂತು, ಕಾಲು ಚಾಚಿಕೊಂಡು, ಮರದ ತುಂಡಿನಲ್ಲಿ ತಮ್ಮ ಎರಡೂ ಪಾದ ಕೆತ್ತಿದರು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿರುವುದನ್ನೂ ಬಿಡಲಿಲ್ಲ. ಹಿಮ್ಮಡಿಯ ಬಿರುಕು ಮಾತ್ರ ಇರಲಿಲ್ಲ, ಅಲ್ಲಿ ನುಣ್ಣಗೆ ಉಜ್ಜಿದ್ದರು.

ಮರದ ಕಾಲನ್ನು ಕೈಯಲ್ಲಿ ಹಿಡಿದು ಸಾಹೇಬರು ಹೇಳಿದರಂತೆ, "ಆಚಾರ್ರೇ, ಒಸಿ ಜಾಗ ಬಿಡ್ತೀನಿ. ಕಾಲು ನಡೀತದೆ, ಉಬ್ತದೆ."

"ಒಂದು ಎಳೆನೂ ಬುಡ್ಬೇಡಿ ಸಾಹೇಬ್ರೇ. ಸಂದು ಬುಟ್ರೆ ಅದು ಕೆಲ್ಸವಾ?"

"ಯಾ ಅಲ್ಲಾ! ಇದು ಚೌಕಟ್ಟಲ್ಲ!"

"ಎಲ್ಲಾ ಕೆಲ್ಸನೂ ಚೌಕಟ್ಟೇಯ."

ಜೋಡು ಬಂತು. ಮರದ ಕಾಲಿಗೆ ಎಷ್ಟು ಬಿಗಿಯಾಗಿ ಕೂತಿತೆಂದರೆ ಭಾವನವರ ಕಣ್ಣಲ್ಲಿ ನೀರು. ಆಮೇಲೆ ಸ್ವಂತ ಕಾಲು ತೂರಿಸಿ ಎದ್ದು ನಿಂತರು. ಮತ್ತೆ ಕಣ್ಣಲ್ಲಿ ನೀರು! ಕೂತಾಗಿನ ಪಾದ ಬೇರೆ, ಮೈಭಾರ ಹೊತ್ತು ನಿಂತ ಪಾದ ಬೇರೆ ಎನ್ನುವುದು ನಮ್ಮ ಮನೆಯ ಅಳತೆಗಾರರಿಗೆ ಅಂದೇ ತಿಳಿದದ್ದು. ಹೊಳೆಯ ತನಕ ಹೋಗಿ ಬರುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಬೊಬ್ಬೆ.

ಅಲ್ಲಿಂದ ಶುರುವಾಯಿತು ನಮ್ಮ ಗ್ರಹಚಾರ. ದೀಪಕ್ಕೆಂದು ಇಟ್ಟಿದ್ದ ಹರಳೆಣ್ಣೆಯನ್ನೆಲ್ಲ ಜೋಡು ಕುಡಿಯಿತು. ಒಳಗೆ ಒದ್ದೆ ರಾಗಿ ತುಂಬಿಟ್ಟರು, ಅದು ಉಬ್ಬಿದರೆ ಚರ್ಮ ಹಿಗ್ಗೀತು ಎಂದು. ರಾಗಿ ಮೊಳಕೆಯೊಡೆಯಿತು, ಜೋಡು ಹಿಗ್ಗಲಿಲ್ಲ. ಜಗಲಿಯಲ್ಲಿ ಕೂತಿದ್ದ ನಮ್ಮತ್ತೆ ಮಗನಿಗೆ ಹೇಳಿದರು, "ಇನ್ನೇನ್ಲಾ, ಪೈರು ನಾಟಿ ಮಾಡ್ಬುಡು. ಕುಯ್ಲು ಮುಗುಸ್ಕೊಂಡು ಮಗಳ್ನ ಕರ್ಕೊಂಬರೀವಂತೆ!"

ಬೆಣೆ ಹೊಡೆದು ನೋಡಿದರು, ಹೊಲಿಗೆ ಬಿಟ್ಟಿತು. ಸಾಹೇಬರು ತಲೆ ಚಚ್ಚಿಕೊಂಡು ಮತ್ತೆ ಹೊಲಿದರು. ದಿನಗಳು ಉರುಳುತ್ತಿದ್ದವು, ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಭಾವನವರು ಉಳಿ ಮಸೆದುಕೊಂಡು ತಮ್ಮ ಹಿಮ್ಮಡಿಗೇ ಆನಿಸಿದ್ದಾರೆ! "ಜೋಡು ಸರಿಯಾಗೇ ಅದೆ ಕಣವ್ವ. ಕಾಲೇ ಒಸಿ ಎಚ್ಚಾಗ್ಬುಟ್ಟದೆ."

ಭಾವನವರ ಕೈಯಿಂದ ನಾನು ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಉಳಿಯನ್ನು ಸೆರಗಿನಲ್ಲಿ ಅಡಗಿಸಿ ಕೇಳಿಯೇಬಿಟ್ಟೆ: "ಭಾವ, ಬೀಗರ ಮನೇಲಿ ಜೋಡು ಬಾಗ್ಲಾಚೆ ಬುಟ್ಟು ಒಳೀಕೆ ಓಗ್ಬೇಕಲ್ವಾ? ಅವ್ರಿಗೆ ಕಾಣೋದು ಬರಿಗಾಲೇ ತಾನೆ?"

ಅವರು ಜೋಡನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸಿದರು. "ಬುಡಾಕಾದ್ರೂ ಒಂದು ಇರ್ಬೇಕಲ್ಲವ್ವ."

ಐದು ದಿನ ಉಳಿದಿರುವಾಗ, ಹಿಮ್ಮಡಿಗೂ ಬೆರಳುಗಳಿಗೂ ಬಟ್ಟೆ ಸುತ್ತಿ, ಜೋಡು ಮೆಟ್ಟಿಕೊಂಡು ಕುಂಟುತ್ತ ಹೊರಟರು. ಹೋಗಲು ಎರಡು ದಿನ, ಬರಲು ಎರಡು ದಿನ. ದಾರಿಯ ಮೊದಲ ಊರು ಹಿರೋಡೆ ದಾಟುವುದರೊಳಗೆ ಯಾವುದೋ ಮರದಡಿ ಕೂತುಬಿಡುತ್ತಾರೆ ಎಂದೇ ನನ್ನ ಲೆಕ್ಕ. ನಾಲ್ಕನೆಯ ದಿನ ಬರಲಿಲ್ಲ. ಐದನೆಯ ದಿನ ಬಿಸಿಲು ನೆತ್ತಿಗೇರಿ ಇಳಿಯಿತು, ಬರಲಿಲ್ಲ. ಅತ್ತೆಯೂ ತಮಾಷೆ ನಿಲ್ಲಿಸಿದ್ದರು. ಬಾಣಂತಿಗೆಂದು ಕುಟ್ಟಿಟ್ಟಿದ್ದ ಒಣಶುಂಠಿಯ ಗಡಿಗೆಯನ್ನು ನಾನು ಮೇಲಿನ ಅಟ್ಟಕ್ಕೇರಿಸಿದೆ, ಕಣ್ಣಿಗೆ ಬೀಳದಿರಲಿ ಎಂದು.

ಹೊತ್ತು ಇಳಿಯುವಾಗ ಬೀದಿಯ ತುದಿಯಿಂದ ಮೊದಲು ಕೇಳಿಸಿದ್ದು ನಗು. ಬೀಗರೂರಿನಿಂದ ಹತ್ತಿ ಬಂದ ಗಾಡಿಯ ಅಚ್ಚು ಹೊಳೆಯಾಚೆಗೇ ಮುರಿದು, ಅಲ್ಲಿಂದ ನಡೆದೇ ಬಂದಿದ್ದರು. ಭಾವನವರು ಮುಂದೆ, ತಲೆಯ ಮೇಲೆ ಗಂಟು, ಮೊಣಕಾಲತನಕ ಧೂಳು, ಬರಿಗಾಲು. ಹಿಂದೆ ಸೊಂಟಕ್ಕೆ ಕೈಕೊಟ್ಟು ನಮ್ಮ ಹುಡುಗಿ. ಅವಳ ಕಾಲಲ್ಲಿ ಜೋಡು! ಬಸುರಿಯ ಬಾತ ಪಾದ ಹಿಡಿಸಲೆಂದು ಹಿಮ್ಮಡಿಯ ಹೊಲಿಗೆಯನ್ನು ಉದ್ದಕ್ಕೂ ಸೀಳಿ, ಭಾವನವರೇ ಎರಡು ಬೆರಳಗಲ ಸಂದು ಬಿಟ್ಟಿದ್ದರು. ಹೆಂಗಸೊಬ್ಬಳು ಗಂಡಸರ ಜೋಡು ಮೆಟ್ಟಿ ನಡೆದದ್ದನ್ನು ನಮ್ಮ ಬೀದಿ ಕಂಡಿದ್ದೇ ಇಲ್ಲ.

"ಏನ್ಲಾ ಆಚಾರಿ, ಮಗಳ್ಗೆ ಪಾಳೇಗಾರಿಕೆ ಕೊಡ್ಸಿದ್ಯಾ?" ಎಂದು ಯಾರೋ ಕೂಗಿದರು. ಎರಡೂ ಕಡೆಯ ಜಗಲಿಗಳು ನಕ್ಕವು.

ಭಾವನವರಿಗೆ ಅದು ಕೇಳಿಸಲೇ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಂದಿರುಗಿ ಮಗಳ ಪಾದ ನೋಡುತ್ತಿದ್ದರು.

"ಕಚ್ತದಾ ಮಗಾ?"

"ಇಲ್ಲ ಕಣಪ್ಪ."

ಮತ್ತೆ ನಾಲ್ಕು ಹೆಜ್ಜೆ.

"ಕಚ್ತದಾ?"