ತಾನೇ ಮಾತಾಡುವ ಹಾಳೆ

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸಿದ ಪ್ರೊಫೆಸರಿಗೆ, ತಮ್ಮ ಮನೆಯೊಳಗೇ ವಿಜ್ಞಾನಕ್ಕೆ ಘೋರ ಅನ್ಯಾಯವಾಗುತ್ತಿದೆ ಎಂಬುದು ಗೊತ್ತಾದದ್ದು ಒಂದು ಬುಧವಾರ ಸಂಜೆ. ಅವರ ಹೆಂಡತಿ ಎರಡನೇ ತರಗತಿಯ ಮಿಸ್ಸು. ಮರುದಿನದ ‘ಗಿಡದ ಭಾಗಗಳು’ ಪಾಠಕ್ಕೆ ಮಿಸ್ಸು ಬರೆದಿಟ್ಟ ವರ್ಕ್‌ಶೀಟು ಮೇಜಿನ ಮೇಲಿತ್ತು. “ಮುದ್ದು ಮಕ್ಕಳೇ, ಈಗ ಎಲ್ಲರೂ ಪುಟಾಣಿ ಪೆನ್ಸಿಲ್ ಹಿಡ್ಕೊಂಡು, ಈ ಖಾಲಿ ಚೌಕದಲ್ಲಿ ಚೆಂದದ ಹೂವಿನ ಚಿತ್ರ ಬಿಡಿಸೋಣ್ವಾ?” ಎಂದು ಅದು ಶುರುವಾಗುತ್ತಿತ್ತು.

“ಇದೇನು ವಿಜ್ಞಾನವೋ, ಲಾಲಿಹಾಡೋ?” ಎಂದರು ಪ್ರೊಫೆಸರು.

“ಏಳು ವರ್ಷದ ಮಕ್ಕಳು ರೀ. ಬಿಡಿಸಿ ಬಿಡಿಸಿ ಹೇಳಬೇಕು,” ಎಂದರು ಮಿಸ್ಸು, ಸೊಪ್ಪು ಬಿಡಿಸುತ್ತಲೇ.

“ವಿಜ್ಞಾನ ಅಂದ್ರೆ ಮಿತಭಾಷೆ ಕಣೇ!” ಪ್ರೊಫೆಸರು ಕೆಂಪು ಪೆನ್ನು ತೆಗೆದರು. (ಆ ಪೆನ್ನಿಗೆ ಎಷ್ಟೋ ಎಂ.ಎಸ್ಸಿ. ಪ್ರಬಂಧಗಳು ಬಲಿಯಾಗಿದ್ದವು.) ‘ಮುದ್ದು’ ಹೋಯಿತು, ‘ಪುಟಾಣಿ’ ಹೋಯಿತು, ‘ಚೆಂದ’ವೂ ಹೋಯಿತು.

“ಪೆನ್ಸಿಲ್ ಅನ್ನೋದನ್ನಾದ್ರೂ ಉಳಿಸಿ.”

“ಯಾಕೆ? ಪೆನ್ಸಿಲ್ ಇಲ್ಲದೆ ಉಗುರಲ್ಲಿ ಬಿಡಿಸ್ತಾರಾ?”

ಪೆನ್ಸಿಲೂ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: ‘ಗಿಡ ನೋಡಿ. ಹೂ ಬಿಡಿಸಿ. ಎಲೆ ಬಿಡಿಸಿ. ಬೇರು ಬಿಡಿಸಿ. ಬಣ್ಣ ಹಚ್ಚಿ. ಮಿಸ್‌ಗೆ ಒಪ್ಪಿಸಿ.’

ತಮ್ಮ ಕೃತಿಗೆ ತಾವೇ ಮರುಳಾದ ಪ್ರೊಫೆಸರು ಇನ್ನೊಂದು ಔದಾರ್ಯವನ್ನೂ ತೋರಿದರು. ಶಾಲೆ ಅದೇ ಬೀದಿಯ ತುದಿಯಲ್ಲಿತ್ತು. ಮಕ್ಕಳನ್ನು ತಮ್ಮ ಮನೆಯಂಗಳಕ್ಕೇ ಕರೆತರಲು ಅಪ್ಪಣೆ ಕೊಟ್ಟರು. ಅಂಗಳದಲ್ಲಿ ಒಂಬತ್ತು ಕುಂಡಗಳಲ್ಲಿ ಸೇವಂತಿಗೆ ಅರಳಿ ನಿಂತಿತ್ತು. ಭಾನುವಾರ ಫಲಪುಷ್ಪ ಪ್ರದರ್ಶನ. ಎರಡು ವರ್ಷದಿಂದ ಮೊದಲ ಬಹುಮಾನ ಪಕ್ಕದ ಮನೆಯ ಹಲ್ಲಿನ ಡಾಕ್ಟರ ಪಾಲಾಗಿ, ಪ್ರೊಫೆಸರಿಗೆ ಆ ಡಾಕ್ಟರು ನಕ್ಕರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯ ಹುಟ್ಟುಹಬ್ಬ ಮರೆತಾರು, ಈ ಕುಂಡಗಳಿಗೆ ನೀರು ಮರೆತವರಲ್ಲ. ಒಂದೊಂದು ಎಲೆಯನ್ನೂ ಹತ್ತಿಯಿಂದ ಒರೆಸುತ್ತಿದ್ದರು.

ಗುರುವಾರ ಇಪ್ಪತ್ತೈದು ಮಕ್ಕಳು ಒಂದೊಂದು ವರ್ಕ್‌ಶೀಟು ಹಿಡಿದು ಬಂದರು. ಎಂಟು ಕುಂಡಗಳಿಗೆ ಮೂವರಂತೆ ಕೂತರು. ಮಿಕ್ಕ ಒಬ್ಬಳು ಒಂಬತ್ತನೆಯ ಕುಂಡದ ಮುಂದೆ ಒಂಟಿಯಾಗಿ ಕೂತಳು.

“ಮಕ್ಕಳೇ, ಈಗ ಏನ್ ಮಾಡ್ಬೇಕು ಅಂದ್ರೆ...” ಮಿಸ್ಸು ಬಾಯಿ ತೆರೆದರು.

“ಶ್! ಒಳ್ಳೆ ವರ್ಕ್‌ಶೀಟು ತಾನೇ ಮಾತಾಡುತ್ತೆ,” ಎಂದು ಪ್ರೊಫೆಸರು ಗೇಟಿಗೆ ಚಿಲಕ ಹಾಕಿ, ಹೆಂಡತಿಯನ್ನು ಒಳಗೆ ಕರೆದೊಯ್ದು, ಬಾಗಿಲು ಮುಚ್ಚಿ, ಕಾಫಿ ಕೇಳಿದರು.

ಹೊರಗೆ ಸದ್ದೇ ಇಲ್ಲ.

“ನೋಡು, ಎಂಥ ಏಕಾಗ್ರತೆ!”

“ರೀ, ಎರಡನೇ ಕ್ಲಾಸು ಸುಮ್ನಿದೆ ಅಂದ್ರೆ ಅಲ್ಲೇನೋ ಅನಾಹುತ ಆಗ್ತಿದೆ ಅಂತ ಅರ್ಥ. ನಾನು ನೋಡಿ ಬರ್ತೀನಿ.”

“ಕೂತ್ಕೋ. ಹತ್ತು ನಿಮಿಷ ತಡ್ಕೊಳ್ಳೋಕಾಗಲ್ವಾ ನಿಂಗೆ?”

ಹತ್ತು ನಿಮಿಷದ ನಂತರ ಬಾಗಿಲು ತೆರೆದ ಪ್ರೊಫೆಸರ ಕೈಯ ಲೋಟ ಅಲ್ಲೇ ಜಾರಿತು. ಕುಂಡಗಳು ಮಗುಚಿ ಬಿದ್ದಿದ್ದವು. ಹೂಗಳೆಲ್ಲ ಒಂದು ರಾಶಿ, ಎಲೆಗಳೆಲ್ಲ ಇನ್ನೊಂದು ರಾಶಿ. ಕೆಲವರು ನಲ್ಲಿಯ ಕೆಳಗೆ ಬೇರು ತೊಳೆಯುತ್ತಿದ್ದರು. ಹತ್ತಿಯಿಂದ ಒರೆಸಿದ್ದ ಎಲೆಗಳಿಗೆ ನೀಲಿ ಬಣ್ಣ ಬೀಳುತ್ತಿತ್ತು. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ಬೇರಿನ ಗೊಂಚಲು ಹಿಡಿದು ಓಡಿಬಂದ.

“ಸರ್, ಹೂ ಬಿಡ್ಸೋದು ಸುಲಭ ಇತ್ತು. ಬೇರು ಬಿಡ್ಸೋಕೆ ಮಾತ್ರ ಮೂರೂ ಜನ ಬೇಕಾಯ್ತು!”

“ಯಾರೋ ಇದನ್ನೆಲ್ಲ ಮಾಡೋಕೆ ಹೇಳಿದ್ದು?”

ಇಪ್ಪತ್ತನಾಲ್ಕು ಹಾಳೆಗಳು ಮೇಲೆದ್ದವು. “ಇಲ್ಲೇ ಬರ್ದಿದೆ ಸರ್!”

ಪ್ರೊಫೆಸರು ಓದಿದರು. ಮತ್ತೆ ಓದಿದರು. ಲ್ಯಾಟಿನ್ನಿನಲ್ಲಿ ಸಾವಿರ ಗಿಡಗಳ ಹೆಸರು ಬಲ್ಲವರಿಗೆ ಮನೆಮಾತಿನ ಒಂದು ಕ್ರಿಯಾಪದ ಕೈಕೊಟ್ಟಿತ್ತು. ಅವರಿಗೆ ಅಳುವೇ ಬಂತು.

“ಎಲ್ಲರಿಗೂ ಹತ್ತಕ್ಕೆ ಹತ್ತು,” ಎಂದರು ಮಿಸ್ಸು, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು. “ಹಾಳೆ ಹೇಳಿದ್ದನ್ನ ಹಾಗೇ ಮಾಡಿದ್ದಾರೆ.”

ಆಗ ಪ್ರೊಫೆಸರ ಕಣ್ಣು ಮೂಲೆಗೆ ಹೋಯಿತು. ಒಂಬತ್ತನೆಯ ಕುಂಡ ಒಂದು ಎಸಳೂ ಉದುರದೆ ನಿಂತಿತ್ತು! ಅದರ ಮುಂದೆ ಆ ಒಂಟಿ ಹುಡುಗಿ ಬೋರಲು ಮಲಗಿ, ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸೇವಂತಿಗೆ ಬಿಡಿಸುತ್ತಿದ್ದಳು. ಎಸಳು, ಎಲೆ, ಎಲೆಯ ನರ ಎಲ್ಲವೂ ಇದ್ದವು. ಪ್ರೊಫೆಸರಿಗೆ ಹೋದ ಜೀವ ಬಂತು. ಭಾನುವಾರವೂ ಉಳಿಯಿತು, ಮಾನವೂ ಉಳಿಯಿತು.

“ನೋಡಿದ್ಯೇನೇ? ಬುದ್ಧಿ ಇರೋರಿಗೆ ನನ್ನ ವರ್ಕ್‌ಶೀಟು ಚೆನ್ನಾಗೇ ಅರ್ಥ ಆಗುತ್ತೆ!” ಎಂದು ಹೆಂಡತಿಯತ್ತ ಎದೆಯುಬ್ಬಿಸಿದರು. ಆಮೇಲೆ ಹುಡುಗಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಾವೇ ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದ ಪದವನ್ನು ಬಾಯ್ತುಂಬ ಬಳಸಿದರು. “ಮುದ್ದು, ಹಾಳೇಲಿ ಬರ್ದಿದ್ದು ನಿಂಗೊಬ್ಬಳಿಗೇ ಹೇಗಮ್ಮ ಸರಿಯಾಗಿ ತಿಳೀತು?”

ಹುಡುಗಿ ಹಾಳೆ ತಿರುಗಿಸಿ ನೋಡಿ, ನಾಚಿ ತಲೆ ತಗ್ಗಿಸಿದಳು.

“ನಂಗೆ ಇನ್ನೂ ಓದೋಕೆ ಬರಲ್ಲ ಸರ್.”