ಫ್ರೇಮಿಗೆ ಸಿಗದ ಗಂಡ

ಉರ್ವದಲ್ಲಿ ಫೋಟೋಗಳಿಗೆ ಫ್ರೇಮ್ ಹಾಕಿಕೊಡುವ ಅಂಗಡಿ ನನ್ನದು. ಬಂದವರೆಲ್ಲ ಫೋಟೋದ ನಡುವನ್ನು ನೋಡುತ್ತಾರೆ, ನಾನು ಮೂಲೆ ನೋಡುತ್ತೇನೆ. ಮೊಳೆ ಹೊಡೆಯುವುದು ಅಲ್ಲಿ, ಅದಕ್ಕೆ. ನಗು ತರುವ ಸಂಗತಿಗಳೂ ಹೆಚ್ಚಾಗಿ ಅಲ್ಲಿಯೇ ಸಿಗುತ್ತಿರುತ್ತವೆ. ಮೊದಲ ಸಲ ಬರೆಯುತ್ತಿದ್ದೇನೆ, ವಿವರಣೆ ಸ್ವಲ್ಪ ಜಾಸ್ತಿಯಾದೀತು.

೧. ಸಹಿ

ಕಾವೂರಿನ ಹೊಸ ಫ್ಲ್ಯಾಟಿಗೆಂದು ಒಬ್ಬರು ಸಮುದ್ರದ ಪೇಂಟಿಂಗ್ ತಂದರು. ಮೌಂಟ್ ಇಟ್ಟು ಫ್ರೇಮ್ ಹಾಕಿದೆ. ಮೌಂಟ್ ಎಂದರೆ ಫ್ರೇಮಿನ ಒಳಗೆ, ಚಿತ್ರದ ಸುತ್ತ ಬರುವ ದಪ್ಪ ಬಿಳಿ ಕಾಗದದ ಪಟ್ಟಿ. ನೋಡಲು ಚಂದ, ಆದರೆ ಚಿತ್ರದ ಅಂಚನ್ನು ಎರಡು ಬೆರಳಿನಷ್ಟು ಮುಚ್ಚುತ್ತದೆ.

ಮರುದಿನ ಅವರು ಓಡಿ ಬಂದರು. "ಮೂಲೆಯಲ್ಲಿ ಸಹಿ ಇತ್ತಲ್ಲ, ಎಲ್ಲಿ?"

"ಮೌಂಟಿನ ಅಡಿಯಲ್ಲಿ ಉಂಟು ಸರ್. ಸಮುದ್ರ ಪೂರ್ತಿ ಕಾಣ್ತದಲ್ಲ?"

"ಸಮುದ್ರ ನೋಡಲಿಕ್ಕೆ ಪಣಂಬೂರಿಗೆ ಹೋಗ್ತೇನೆ ಮಾರಾಯ್ರೆ. ನಾನು ತಕೊಂಡದ್ದು ಸಹಿಯನ್ನು!"

೨. ಆಧಾರ್

ಮಾರ್ಕೆಟಿನಲ್ಲಿ ಮೀನು ಮಾರುವ ಅಕ್ಕನ ಗಂಡ ತೀರಿಕೊಂಡು ವರ್ಷ ಆಗುತ್ತ ಬಂದಿತ್ತು. ವರ್ಷದ ದಿನ ಮಾಲೆ ಹಾಕಲು ಫೋಟೋ ಬೇಕು, ಅದೂ ನಗುವ ಫೋಟೋ. "ಅವರು ನಗಾಡದ ದಿನ ಇರಲಿಲ್ಲ" ಎಂದರು ಅಕ್ಕ. ಆದರೆ ಆ ಅಣ್ಣ ಕ್ಯಾಮೆರಾ ಕಂಡರೆ "ಬೋಟ್ ನೋಡಿ ಬರ್ತೇನೆ" ಎಂದು ಹೊರಗೆ ಹೋಗುವವರು. ಬೋಟ್ ಇದ್ದದ್ದು ದಕ್ಕೆಯಲ್ಲಿ, ಅಂದರೆ ಮೀನಿನ ಬಂದರಿನಲ್ಲಿ. ಅವರು ಹೋಗಿ ನಿಲ್ಲುತ್ತಿದ್ದದ್ದು ಅಂಗಳದಲ್ಲಿ.

"ಆಧಾರ್ ಕಾರ್ಡಿನಲ್ಲಿ ಫೋಟೋ ಇರಬೇಕಲ್ಲ ಅಕ್ಕ?"

"ಉಂಟು. ಅದನ್ನು ಗೋಡೆಗೆ ಹಾಕಿದರೆ, ಇವರು ಎಂತ ಕದ್ದದ್ದು ಅಂತ ಬಂದವರು ಕೇಳ್ತಾರೆ."

೩. ಬೆಕ್ಕು

ಅಕ್ಕ ಒಂದು ಚೀಲ ಫೋಟೋ ತಂದು ಸುರಿದರು. ಮಗಳ ಹುಟ್ಟುಹಬ್ಬದ ಊಟದ ಫೋಟೋದಲ್ಲಿ, ಕೆಳಗಿನ ಮೂಲೆಯಲ್ಲಿ, ಮೇಜಿನ ಅಡಿಗೆ ಚಾಚಿದ ಒಂದು ಕೈ. ಕೈ ಮಾತ್ರ. ಅದು ಬೆಕ್ಕಿಗೆ ಹುರಿದ ಅಂಜಲ್ ಮೀನಿನ ತುಂಡು ಕೊಡುತ್ತಿತ್ತು.

ಬಲೆಯ ಹಗ್ಗ ಕೊಯ್ದ ಗುರುತಿನಿಂದ ಅಕ್ಕನಿಗೆ ಗಂಡನ ಕೈ ಎಂದು ಗೊತ್ತಾಯಿತು.

"ಹಾಗಾದರೆ ಅದು ಮೀನು ಕದ್ದದ್ದಲ್ಲ. ಪಾಪ, ನನ್ನ ಕೈಯಿಂದ ಎಷ್ಟು ಪೆಟ್ಟು ತಿಂದಿತು ಆ ಬೆಕ್ಕು!"

೪. ಕನ್ನಡಿ

ಕೊನೆಗೆ ಮನೆಯ ಗೋಡೆಯಲ್ಲಿದ್ದ ಹಳೆಯ ಫೋಟೋವನ್ನೇ ಇಳಿಸಿ ತಂದರು. ಅದರಲ್ಲಿ ಅತ್ತೆ, ನಾದಿನಿಯರು ಗಂಭೀರವಾಗಿ ಸಾಲಾಗಿ ನಿಂತಿದ್ದರು. ಅಕ್ಕ ಒಬ್ಬರೇ ನಗುತ್ತಿದ್ದರು.

"ಇದಕ್ಕೆ ಅತ್ತೆ ಎಷ್ಟು ಬೈದಿದ್ದರು! ಯಾಕೆ ನಗಾಡಿದ್ದು ಅಂತ ನನಗೇ ನೆನಪಿಲ್ಲ. ಇದರಲ್ಲಿ ಅವರು ಇಲ್ಲ, ಗೊತ್ತುಂಟು. ಆದರೂ ಒಮ್ಮೆ ನೋಡು."

ಫ್ರೇಮ್ ಬಿಚ್ಚಿ ಮೌಂಟ್ ಎತ್ತಿದೆ. ಅದರ ಅಡಿಗೆ ಬೆಳಕು ಬಿದ್ದಿರುವುದಿಲ್ಲ, ಹಾಗಾಗಿ ಅಂಚಿನ ಬಣ್ಣ ಹೊಸದರ ಹಾಗೆಯೇ ಇತ್ತು. ಬಲ ಮೂಲೆಯಲ್ಲಿ ಕಬ್ಬಿಣದ ಕಪಾಟಿನ ಕನ್ನಡಿ. ಕನ್ನಡಿಯಲ್ಲಿ, ಫೋಟೋ ತೆಗೆಯುವವನ ಬೆನ್ನ ಹಿಂದೆ, ಆ ಅಣ್ಣ! ಖಾಲಿ ಮೀನುಬುಟ್ಟಿಯನ್ನು ತಲೆಗೆ ಟೋಪಿಯಂತೆ ಕವುಚಿಕೊಂಡು, ಅಕ್ಕನನ್ನೇ ನೋಡುತ್ತ, ಬಾಯ್ತುಂಬ ನಗುತ್ತಿದ್ದರು.

ಇಷ್ಟು ವರ್ಷ ಅದೇ ಗೋಡೆಯಲ್ಲಿ, ಎರಡು ಬೆರಳು ಕಾಗದದ ಹಿಂದೆ! ಅಕ್ಕ ಬೆರಳನ್ನು ಆ ಮುಖದ ಹತ್ತಿರ ತಂದರು, ಮುಟ್ಟಲಿಲ್ಲ.

ಏನಾದರೂ ಹೇಳಬೇಕಲ್ಲ ಎಂದು ನಾನು ವಿವರಿಸಿದೆ: "ಇದು ಕನ್ನಡಿಯ ಬಿಂಬ ಅಕ್ಕ, ಎಡ ಬಲ ಅದಲುಬದಲು ಆಗಿರ್ತದೆ. ದೊಡ್ಡದು ಮಾಡುವಾಗ ತಿರುಗಿಸಿ ಸರಿ ಮಾಡಲಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಫೋಟೋವನ್ನು ನನ್ನ ಕೈಯಿಂದ ಕಸಿದುಕೊಂಡರು.

"ಬೇಡ ಮಾರಾಯ! ಇಷ್ಟು ವರ್ಷಕ್ಕೆ ಒಮ್ಮೆ ಒಳಗೆ ಬಂದಿದ್ದಾರೆ. ತಿರುಗಿಸಿದರೆ ಪುನಃ ಬೋಟ್ ನೋಡಲಿಕ್ಕೆ ಹೋಗ್ತಾರೆ!"